ನಮ್ಮಲ್ಲೇ ಬಡತನ ಇರುವಾಗ ಪರದೇಶಕ್ಕೆ ನೆರವು ಯಾಕೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ನಿವೃತ್ತ ಶಾಲಾ ಶಿಕ್ಷಕ. ಚಿಕ್ಕವನಿದ್ದಾಗ ಅಮೆರಿಕದಿಂದ ಬಂದ ಹಿಟ್ಟಿನ ಉಪ್ಪಿಟ್ಟು ತಿಂದು ಓದಿದವನು. ಈಗ ನೋಡಿದರೆ ಭಾರತವೇ ಭೂತಾನ್, ಶ್ರೀಲಂಕಾ, ಆಫ್ರಿಕಾದ ದೇಶಗಳಿಗೆ ದುಡ್ಡು ಕೊಡುತ್ತಿದೆ. ಚೀನಾ ಇನ್ನೂ ಜಾಸ್ತಿ ಕೊಡುತ್ತಿದೆಯಂತೆ. ನಮ್ಮೂರ ಶಾಲೆಯ ಚಾವಣಿ ಸೋರುತ್ತಿರುವಾಗ ಇದು ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನೋ ಹಾಗಲ್ವಾ? ಚೀನಾದ್ದು ಸಾಲದ ಬಲೆ ಅನ್ನುತ್ತಾರೆ. ನಮ್ಮದು ಬೇರೆಯಾ? ಅಮೆರಿಕ ಕೈಬಿಟ್ಟ ಜಾಗವನ್ನು ನಮ್ಮಂಥ ದೇಶಗಳು ತುಂಬಬಲ್ಲವಾ?

ಉತ್ತರ: ಮೇಷ್ಟ್ರೇ, ಉಪ್ಪಿಟ್ಟಿನ ಮಾತು ಓದಿ ಅಲ್ಲೇ ನಿಂತುಬಿಟ್ಟೆ. ನಾನೂ ಅದನ್ನು ತಿಂದವನೇ. ಹಳದಿ ಬಣ್ಣದ ಉಪ್ಪಿಟ್ಟು, ಪುಡಿ ಕಲಸಿದ ಹಾಲು. ನಮ್ಮ ಶಾಲೆಗೆ ಕೇರ್ ಸಂಸ್ಥೆಯ ಮೂಲಕ ಬರುತ್ತಿತ್ತು. ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ, ಅಮೆರಿಕದ ಜನ ಕೊಟ್ಟಿದ್ದು ಅಂತ ಇಂಗ್ಲಿಷಿನಲ್ಲಿ ಬರಹ. ಖಾಲಿಯಾದ ಚೀಲವನ್ನು ಬಿಚ್ಚಿ ನೆಲಕ್ಕೆ ಹಾಸಿಕೊಂಡು ನಾವು ಅದರ ಮೇಲೇ ಕೂರುತ್ತಿದ್ದೆವು. ಕೊಡುವವರು ಅಂದರೆ ದೂರದ ಶ್ರೀಮಂತರು, ಬೇಡುವವರು ಅಂದರೆ ನಾವು. ನಮ್ಮ ತಲೆಮಾರಿನ ಮನಸ್ಸಿನಲ್ಲಿ ಈ ಚಿತ್ರ ಹಾಗೇ ಅಚ್ಚೊತ್ತಿ ಕೂತಿದೆ.

ಆದರೆ ಚಿತ್ರ ಆಗಲೂ ಪೂರ್ತಿ ನಿಜವಾಗಿರಲಿಲ್ಲ. 1960ರ ದಶಕದ ನಡುವೆ ಸಾಲಾಗಿ ಬರ ಬಿದ್ದು, ಅಮೆರಿಕದ ಗೋಧಿ ಹಡಗು ಯಾವಾಗ ಬರುತ್ತೋ ಎಂದು ದೇಶವೇ ಕಾಯುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, 1964ರ ಸೆಪ್ಟೆಂಬರಿನಲ್ಲಿ, ಭಾರತ ಸರ್ಕಾರ ಬೇರೆ ದೇಶಗಳ ಜನರಿಗೆ ತರಬೇತಿ ಕೊಡುವ ಒಂದು ಯೋಜನೆ ಶುರು ಮಾಡಿತು. ಅದರ ಹೆಸರು ಐಟೆಕ್. ಅದಕ್ಕೂ ಮೊದಲು, 1961ರಲ್ಲಿ, ಭೂತಾನ್ ತನ್ನ ಮೊದಲ ಪಂಚವಾರ್ಷಿಕ ಯೋಜನೆ ಹಾಕಿಕೊಂಡಾಗ ಅದರ ಪೂರ್ತಿ ಖರ್ಚು ಹೊತ್ತಿದ್ದು ಭಾರತ. ಒಂದು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬಡಿಸಿದವರು ನಾವು. ಮುಂದೆ ನಾನು ಹೇಳುವುದೆಲ್ಲ ಇಲ್ಲಿಂದಲೇ ಶುರುವಾಗುತ್ತೆ.

ಮೊದಲು ನಿಮ್ಮ ಚಾವಣಿಯ ಲೆಕ್ಕ. 2025-26ರ ಕೇಂದ್ರ ಬಜೆಟ್‌ನಲ್ಲಿ ವಿದೇಶಾಂಗ ಇಲಾಖೆ ಬೇರೆ ದೇಶಗಳ ನೆರವಿಗೆ ಇಟ್ಟ ಹಣ ಸುಮಾರು 5,480 ಕೋಟಿ ರೂಪಾಯಿ. ಅದರಲ್ಲಿ ಭೂತಾನ್ ಒಂದಕ್ಕೇ 2,150 ಕೋಟಿ. ದೊಡ್ಡ ಮೊತ್ತ, ಇಲ್ಲ ಅನ್ನಲ್ಲ. ಆದರೆ ಇಡೀ ಬಜೆಟ್ 50 ಲಕ್ಷ ಕೋಟಿ ದಾಟುತ್ತೆ. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಹೆಚ್ಚುಕಡಿಮೆ 11 ಪೈಸೆ. ನಿಮ್ಮೂರ ಶಾಲೆ ಸೋರುವುದು ಈ 11 ಪೈಸೆಯಿಂದಲ್ಲ. ಉಳಿದ 99 ರೂಪಾಯಿ 89 ಪೈಸೆ ಎಲ್ಲಿ ಹೋಯಿತು ಅಂತ ಕೇಳಬೇಕು, ಗಟ್ಟಿಯಾಗಿ ಕೇಳಬೇಕು. ಭೂತಾನಿನ ಮೇಲೆ ಸಿಟ್ಟು ಮಾಡಿಕೊಂಡರೆ ಚಾವಣಿ ರಿಪೇರಿ ಆಗಲ್ಲ.

ಇದರ ಹೊರಗೆ ಇನ್ನೊಂದು ದಾರಿಯಿದೆ. ಅದು ಸಾಲ. ನಮ್ಮ ಸರ್ಕಾರದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಮಾರುಕಟ್ಟೆಯಲ್ಲಿ ದುಡ್ಡು ಎತ್ತಿ ಬೇರೆ ದೇಶಗಳ ಸರ್ಕಾರಗಳಿಗೆ ಕಡಿಮೆ ಬಡ್ಡಿಗೆ ಕೊಡುತ್ತೆ. ಬಡ್ಡಿಯ ವ್ಯತ್ಯಾಸವನ್ನು ನಮ್ಮ ಸರ್ಕಾರ ತುಂಬಿಕೊಡುತ್ತೆ. ಇದಕ್ಕೆ ಲೈನ್ ಆಫ್ ಕ್ರೆಡಿಟ್ ಅನ್ನುತ್ತಾರೆ. ಅಂಗಡಿಯ ಉದ್ರಿ ಪುಸ್ತಕ ಅಂದುಕೊಳ್ಳಿ. ಹಣ ಕೈಗೆ ಬರಲ್ಲ, ಅಷ್ಟು ಮೊತ್ತದ ಸಾಮಾನು ತೆಗೆದುಕೊಳ್ಳಬಹುದು. ಷರತ್ತು ಏನೆಂದರೆ, ಸಾಮಾನ್ಯವಾಗಿ ನೂರಕ್ಕೆ 75 ಪಾಲು ಸಾಮಾನು ಮತ್ತು ಕೆಲಸ ಭಾರತದಿಂದಲೇ ಬರಬೇಕು. ಸೆನೆಗಲ್ ದೇಶ 2.7 ಕೋಟಿ ಡಾಲರ್ ಇಂಥ ಸಾಲ ತಗೊಂಡು ಭತ್ತದ ಬೆಳೆಗೆ ನೀರೆತ್ತಲು ಭಾರತದ ಪಂಪುಗಳನ್ನು ಹಾಕಿಸಿಕೊಂಡಿತು. ಪಂಪು ಮಾಡಿದ್ದು ಕಿರ್ಲೋಸ್ಕರ್ ಕಂಪನಿ. ಅದರ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅಲ್ಲಿ ಗದ್ದೆಗೆ ನೀರು ಬಂತು, ಇಲ್ಲಿ ಕಾರ್ಖಾನೆಗೆ ಕೆಲಸ ಬಂತು. ಇದನ್ನು ದಾನ ಅನ್ನೋಕೆ ಆಗಲ್ಲ. ವ್ಯಾಪಾರ ಅಂತ ಮಾತ್ರ ಅಂದರೂ ತಪ್ಪು.

ಮೂರನೆಯದು ತರಬೇತಿ. ನನ್ನ ಮಟ್ಟಿಗೆ ಇದೇ ನಮ್ಮ ಅತ್ಯಂತ ಒಳ್ಳೆಯ ಕೆಲಸ. ಸುಮಾರು 160 ದೇಶಗಳ ನೌಕರರು, ಎಂಜಿನಿಯರುಗಳು, ನರ್ಸುಗಳು ಐಟೆಕ್ ಮೂಲಕ ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ. ಟಿಕೆಟ್, ಊಟ, ವಸತಿ ಎಲ್ಲ ನಮ್ಮ ಖರ್ಚು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ 2019ರಲ್ಲಿ 'ಉನ್ನತಿ' ಎಂಬ ತರಬೇತಿ ಶುರುವಾಯಿತು. ಅಲ್ಲಿ ಹೊರದೇಶದವರಿಗೆ ಪುಟ್ಟ ಉಪಗ್ರಹ ಜೋಡಿಸುವುದನ್ನು ಕೈಹಿಡಿದು ಕಲಿಸಿದರು.

ನಾನೂ ಕೆಲವು ವರ್ಷ ಇಂಥ ತರಗತಿಗಳಿಗೆ ಪಾಠ ಮಾಡಿದ್ದೇನೆ. ಒಂದು ಸಲ ಜಾಂಬಿಯಾದ ನೀರಾವರಿ ಇಲಾಖೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ತಂಡವನ್ನು ಕೋಲಾರದ ಕಡೆಯ ಒಂದು ಕೆರೆಗೆ ಕರೆದುಕೊಂಡು ಹೋಗಿದ್ದೆವು. ಹೂಳು ತೆಗೆದದ್ದು, ಏರಿ ಭದ್ರ ಮಾಡಿದ್ದು, ಎಲ್ಲ ತೋರಿಸಿದೆವು. ಅವರ ಕಣ್ಣು ಮಾತ್ರ ತೂಬಿನ ಹತ್ತಿರ ನಿಂತಿದ್ದ ಮುದುಕರ ಮೇಲಿತ್ತು. ಅವರು ಯಾರು ಅಂತ ಕೇಳಿದರು. ನೀರುಗಂಟಿ, ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡುವವರು ಅಂದೆ. ಸಂಬಳ ಯಾರು ಕೊಡುತ್ತಾರೆ? ರೈತರೇ, ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಾರೆ. ಕೆರೆ ತುಂಬದಿದ್ದರೆ? ಅವರಿಗೂ ಇಲ್ಲ. ಇಷ್ಟನ್ನೂ ಅವರು ನಿಂತುಕೊಂಡೇ ಬರೆದುಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದರು: "ನಮ್ಮಲ್ಲಿಗೆ ಒಳ್ಳೊಳ್ಳೆ ಪಂಪು ಬಂದಿವೆ. ಜೊತೆಗೆ ಎಂಜಿನಿಯರೂ ಬರುತ್ತಾರೆ. ಯೋಜನೆ ಮುಗಿದ ದಿನ ಎಂಜಿನಿಯರು ಹೊರಡುತ್ತಾರೆ, ಆರು ತಿಂಗಳಿಗೆ ಪಂಪು ನಿಲ್ಲುತ್ತೆ. ಪಂಪು ಕಾಯುವವನ ಹೊಟ್ಟೆಗೆ ಏನು ಅಂತ ಯಾರೂ ಕೇಳಲಿಲ್ಲ."

ಈ ಮಾತು ಅವರಿಗೆ ಹೊಳೆದದ್ದು ನಮ್ಮ ಪಾಠದಿಂದಲ್ಲ. ನಮ್ಮ ಕೆರೆ ಅವರ ಊರಿನ ಕೆರೆಯ ಹಾಗೇ ಇದ್ದದ್ದರಿಂದ. ತಮ್ಮದೇ ಕಷ್ಟ ಇನ್ನೂ ಮುಗಿಯದ ದೇಶದಲ್ಲಿ ಕಲಿಯುವುದಕ್ಕೆ ಒಂದು ಬೆಲೆ ಇದೆ. ರಾಜಸ್ಥಾನದ ತಿಲೋನಿಯಾದಲ್ಲಿ ಬೇರ್‌ಫುಟ್ ಕಾಲೇಜ್ ಇದೆ. ಆಫ್ರಿಕಾದ ಹಳ್ಳಿಗಳಿಂದ ಅಜ್ಜಿಯರನ್ನು ಅಲ್ಲಿಗೆ ಕರೆಸುತ್ತಿದ್ದರು. ಓದುಬರಹ ಇಲ್ಲದವರೇ ಜಾಸ್ತಿ. ಖರ್ಚು ಐಟೆಕ್‌ದು. ಆರು ತಿಂಗಳು ಸೋಲಾರ್ ದೀಪ ಜೋಡಿಸುವುದು, ರಿಪೇರಿ ಮಾಡುವುದು ಕಲಿಸುತ್ತಿದ್ದರು. ಕಲಿಸುವವರಿಗೂ ಕಲಿಯುವವರಿಗೂ ಒಂದೇ ಭಾಷೆ ಇಲ್ಲ. ತಂತಿ, ಬಿಡಿಭಾಗಗಳಿಗೆ ಬಣ್ಣದ ಗುರುತು, ಉಳಿದದ್ದಕ್ಕೆ ಕೈಸನ್ನೆ. ಅಜ್ಜಿಯರೇ ಯಾಕೆ ಅಂದರೆ, ಹುಡುಗರು ಕಲಿತ ತಕ್ಷಣ ಪೇಟೆ ಸೇರುತ್ತಾರೆ, ಅಜ್ಜಿ ಊರಿಗೇ ವಾಪಸ್ ಹೋಗುತ್ತಾಳೆ. ಹಳ್ಳಿ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ವಿಚಾರ ಇದು.

ನಿಮ್ಮ ಕಡೆ ಮುಯ್ಯಾಳು ಅನ್ನುತ್ತಾರಲ್ವಾ? ಈ ವಾರ ನಮ್ಮ ಹೊಲದ ಕೊಯ್ಲಿಗೆ ನೀವು ಬನ್ನಿ, ಮುಂದಿನ ವಾರ ನಿಮ್ಮ ಹೊಲಕ್ಕೆ ನಾವು ಬರುತ್ತೇವೆ. ಕೂಲಿ ಇಲ್ಲ, ದಾನವೂ ಅಲ್ಲ. ಇಬ್ಬರ ಕೆಲಸವೂ ಆಗುತ್ತೆ, ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಭಾರತ, ಚೀನಾ, ಬ್ರೆಜಿಲ್ ಎಲ್ಲರೂ ತಮ್ಮ ನೆರವಿನ ಬಗ್ಗೆ ಹೇಳಿಕೊಳ್ಳುವುದು ಇದನ್ನೇ. ನಾವು ದಾನಿಗಳಲ್ಲ, ಜೊತೆಗಾರರು, ಇಬ್ಬರಿಗೂ ಲಾಭ ಇರಲಿ ಅಂತ. ಮಾತು ಚೆನ್ನಾಗಿದೆ. ಆದರೆ ಮುಯ್ಯಾಳಿನಲ್ಲಿ ಇನ್ನೊಂದು ಸಂಗತಿ ಇದೆ. ಯಾರು ಯಾರಿಗೆ ಎಷ್ಟು ಆಳು ಬಾಕಿ ಅನ್ನುವುದು ಇಡೀ ಊರಿಗೆ ಗೊತ್ತಿರುತ್ತೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಈ ಹೊಸ ಜೊತೆಗಾರರಿಂದ ನಿಜವಾಗಿ ಬದಲಾದದ್ದು ಏನು? ನನ್ನ ಉತ್ತರ: ಬಡದೇಶಕ್ಕೆ ತಟ್ಟಲು ಎರಡನೇ ಬಾಗಿಲು ಸಿಕ್ಕಿತು. ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ ಇಲ್ಲ.

1960ರ ದಶಕದ ಜಾಂಬಿಯಾವನ್ನೇ ನೋಡಿ. ಆಗ ತಾನೇ ಸ್ವತಂತ್ರವಾದ ದೇಶ. ಮಣ್ಣಿನಡಿ ತಾಮ್ರ ತುಂಬಿದೆ, ಸಮುದ್ರ ಇಲ್ಲ. ತಾಮ್ರ ಹೊರಗೆ ಹೋಗಬೇಕಾದರೆ ಬಿಳಿಯರ ಆಳ್ವಿಕೆಯ ರೊಡೇಷಿಯಾ (ಈಗಿನ ಜಿಂಬಾಬ್ವೆ) ದಾಟಬೇಕು, ಇಲ್ಲವೇ ಪೋರ್ಚುಗೀಸರ ವಸಾಹತುಗಳನ್ನು. ತಾಂಜಾನಿಯಾದ ಬಂದರಿಗೆ ಒಂದು ರೈಲು ಹಾದಿ ಹಾಕಿಕೊಡಿ ಅಂತ ಪಶ್ಚಿಮದ ದೇಶಗಳನ್ನು, ವಿಶ್ವಬ್ಯಾಂಕನ್ನು ಕೇಳಿದರು. ಲಾಭ ಗಿಟ್ಟಲ್ಲ ಅನ್ನುವ ಉತ್ತರ ಬಂತು. ಕೊನೆಗೆ ಚೀನಾ ಒಪ್ಪಿತು. ಆಗ ಚೀನಾ ತಾನೇ ಬಡದೇಶ. ಬಡ್ಡಿ ಇಲ್ಲದ ಸಾಲ ಕೊಟ್ಟು, ಸಾವಿರಾರು ಕೆಲಸಗಾರರನ್ನು ಕಳಿಸಿ, 1970ರಿಂದ 1975ರ ಒಳಗೆ 1,860 ಕಿ.ಮೀ. ಹಳಿ ಹಾಸಿತು. ಅದೇ ತಜಾರಾ ರೈಲು. ಮುಂದೆ ಅದರ ನಿರ್ವಹಣೆ ಸೊರಗಿತು, ನಷ್ಟವಾಯಿತು, ನಿಜ. ಆದರೆ ಆ ಹೊತ್ತಿಗೆ ಒಂದು ದೇಶ ಉಸಿರಾಡಲು ಅದು ಬೇಕಿತ್ತು.

1980ರ ದಶಕದಲ್ಲಿ ಆಫ್ರಿಕಾದ ಸರ್ಕಾರಗಳು ಸಾಲಕ್ಕೆ ಹೋದಾಗ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವಬ್ಯಾಂಕ್ ಷರತ್ತಿನ ಪಟ್ಟಿ ಕೊಡುತ್ತಿದ್ದವು. ನೌಕರರನ್ನು ಕಡಿಮೆ ಮಾಡಿ, ಸಬ್ಸಿಡಿ ತೆಗೆಯಿರಿ, ಆಸ್ಪತ್ರೆಯಲ್ಲಿ ಶುಲ್ಕ ತಗೊಳ್ಳಿ. ಒಲ್ಲೆ ಅನ್ನಲು ಬೇರೆ ಗತಿ ಇರಲಿಲ್ಲ. ಈಗ ಹಣಕಾಸು ಮಂತ್ರಿಯೊಬ್ಬರು ಬೀಜಿಂಗಿಗೆ, ದೆಹಲಿಗೆ, ಅಂಕಾರಾಕ್ಕೆ, ಅಬುಧಾಬಿಗೆ ಹೋಗಿ ಬರಬಹುದು. ಹೋಗದಿದ್ದರೂ, ಹೋಗಬಹುದು ಅನ್ನುವುದೇ ಅವರ ಮಾತಿಗೆ ತೂಕ ತರುತ್ತೆ. ಕೇಳುವವರಿಗೆ ಆಯ್ಕೆ ಬಂದಾಗ ಕೊಡುವವರ ಧಾಟಿ ತಾನಾಗಿ ಬದಲಾಗುತ್ತೆ.

ಈಗ ಸಾಲದ ಬಲೆಯ ಮಾತಿಗೆ ಬರೋಣ. ಎಲ್ಲರೂ ಹೇಳುವ ಕತೆ ಹಂಬನ್‌ತೋಟದ್ದು. ಚೀನಾ ಸಾಲ ಕೊಟ್ಟಿತು, ಶ್ರೀಲಂಕಾ ತೀರಿಸಲಿಲ್ಲ, ಚೀನಾ ಬಂದರು ಕಿತ್ತುಕೊಂಡಿತು ಅಂತ. ಕತೆ ಅರ್ಧ ಸರಿ. ಮೊದಲ ಹಂತಕ್ಕೆ ಚೀನಾದ ಎಕ್ಸಿಮ್ ಬ್ಯಾಂಕ್ 30.7 ಕೋಟಿ ಡಾಲರ್ ಕೊಟ್ಟದ್ದು ನಿಜ. ಬಡ್ಡಿ ಶೇ 6.3. ನೆರವು ಅನ್ನಲು ನಾಚಿಕೆಯಾಗುವ ದರ. ಹಡಗುಗಳು ಬರಲಿಲ್ಲ, ಬಂದರು ನಷ್ಟದಲ್ಲಿ ನಡೆಯಿತು. 2017ರಲ್ಲಿ ಅದನ್ನು 99 ವರ್ಷದ ಗುತ್ತಿಗೆಗೆ ಒಂದು ಚೀನೀ ಕಂಪನಿಗೆ ಕೊಟ್ಟರು, 112 ಕೋಟಿ ಡಾಲರಿಗೆ. ಆದರೆ ಆ ಹಣದಲ್ಲಿ ಬಂದರಿನ ಸಾಲ ತೀರಿಸಲಿಲ್ಲ. ಅದು ದೇಶದ ಡಾಲರ್ ಖಜಾನೆಗೆ ಹೋಯಿತು. ಸಾಲ ಹಾಗೇ ಉಳಿಯಿತು. ಶ್ರೀಲಂಕಾವನ್ನು ಹೆಚ್ಚು ಹಿಂಡುತ್ತಿದ್ದದ್ದು ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತಿದ ಸಾಲ. ಅದನ್ನು ಕೊಟ್ಟವರಲ್ಲಿ ಪಶ್ಚಿಮದ ಹಣಕಾಸು ಸಂಸ್ಥೆಗಳೇ ಮುಂದೆ. ಹಾಗಾಗಿ ಬಲೆ ಹೆಣೆದು ಕಾದು ಕೂತಿದ್ದರು ಅನ್ನುವುದಕ್ಕಿಂತ, ಯೋಚನೆಯಿಲ್ಲದೆ ಕೊಟ್ಟರು, ಯೋಚನೆಯಿಲ್ಲದೆ ತಗೊಂಡರು ಅನ್ನುವುದು ಸತ್ಯಕ್ಕೆ ಹತ್ತಿರ. ಭಾರ ಹೊತ್ತವರು ಮಾತ್ರ ಕೊಲಂಬೊದ ಬೀದಿಯಲ್ಲಿ ಗ್ಯಾಸ್ ಸಿಲಿಂಡರಿಗೆ ಕ್ಯೂ ನಿಂತ ಜನ.

ನಿಜವಾದ ತೊಂದರೆ ಕಂಡದ್ದು ಆಮೇಲೆ. 2022ರ ಏಪ್ರಿಲಿನಲ್ಲಿ ಶ್ರೀಲಂಕಾ ಸಾಲ ಕಟ್ಟಲಾರೆ ಎಂದು ಕೈಚೆಲ್ಲಿತು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಸಾಲ ಕೊಟ್ಟ ಶ್ರೀಮಂತ ದೇಶಗಳು ಪ್ಯಾರಿಸ್ ಕ್ಲಬ್ಬಿನಲ್ಲಿ ಕೂತು, ಎಷ್ಟು ಮನ್ನಾ, ಎಷ್ಟು ಕಂತು ಅಂತ ಒಟ್ಟಿಗೆ ತೀರ್ಮಾನ ಮಾಡುತ್ತಿದ್ದವು. 1956ರಿಂದ ನಡೆದುಬಂದ ಪದ್ಧತಿ ಅದು. ಚೀನಾ ಅದರ ಸದಸ್ಯ ಅಲ್ಲ, ಭಾರತವೂ ಅಲ್ಲ. ಈಗ ದೊಡ್ಡ ಸಾಲ ಕೊಟ್ಟವರೇ ಅದರ ಹೊರಗಿದ್ದಾರೆ. ನಾನು ಬಿಟ್ಟುಕೊಟ್ಟರೆ ಆ ಹಣ ಇನ್ನೊಬ್ಬನ ಕಂತಿಗೆ ಹೋಗುತ್ತೆ ಎಂಬ ಅನುಮಾನ ಎಲ್ಲರಿಗೂ. ಭಾರತ ಜಪಾನ್, ಫ್ರಾನ್ಸ್ ಜೊತೆ ಒಂದು ಸಮಿತಿಯ ಮುಂದಾಳಾಗಿ ಕೂತಿತು. ಚೀನಾ ಬೇರೆಯಾಗಿ ಮಾತಾಡಿತು. ಒಪ್ಪಂದ ಮುಗಿಯಲು 2024ರ ಜೂನ್ ಆಯಿತು. ಜಾಂಬಿಯಾ 2020ರ ನವೆಂಬರಿನಲ್ಲಿ ಕೈಚೆಲ್ಲಿತು. ಸಾಲ ಕೊಟ್ಟ ಸರ್ಕಾರಗಳ ಜೊತೆ ಒಪ್ಪಂದದ ರೂಪ ಬಂದದ್ದು 2023ರ ಜೂನಿನಲ್ಲಿ. ಎರಡೂವರೆ ವರ್ಷ! ಇಂಥ ಹೊತ್ತಿನಲ್ಲಿ ಹೊಸ ಶಾಲೆಗೆ, ಹೊಸ ಆಸ್ಪತ್ರೆಗೆ ದುಡ್ಡು ಹೊಂದಿಸುವುದೇ ಕಷ್ಟ. ಎರಡನೇ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಮನೆಗೆ ಬೆಂಕಿ ಬಿದ್ದಾಗ ಎಲ್ಲರೂ ಒಂದು ಕಡೆ ಸೇರುವ ಕಟ್ಟೆ ಇಲ್ಲದಾಗಿದೆ.

ನಮ್ಮದು ಬೇರೆಯಾ ಅಂತ ಕೇಳಿದ್ದೀರಿ. ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ.

ಭೂತಾನಿನ ಚುಖಾ ವಿದ್ಯುತ್ ಯೋಜನೆ ನಮ್ಮ ಹೆಮ್ಮೆಯ ಕೆಲಸ. 336 ಮೆಗಾವಾಟ್, 1980ರ ದಶಕದಲ್ಲಿ ಮುಗಿಯಿತು. ಖರ್ಚಿನ ಶೇ 60 ಅನುದಾನ, ಶೇ 40 ಸಾಲ, ಬಡ್ಡಿ ಶೇ 5. ಕರೆಂಟು ನಾವು ಕೊಂಡೆವು, ಆ ದುಡ್ಡಿನಲ್ಲಿ ಭೂತಾನ್ ಶಾಲೆ, ಆಸ್ಪತ್ರೆ ಕಟ್ಟಿಕೊಂಡಿತು. ಮುಯ್ಯಾಳು ಅಂದರೆ ಇದು. ಆದರೆ ಬರುಬರುತ್ತಾ ಲೆಕ್ಕ ತಲೆಕೆಳಗಾಯಿತು. 2019ರಲ್ಲಿ ಕರೆಂಟು ಕೊಡಲು ಶುರು ಮಾಡಿದ ಮಾಂಗ್ದೆಚು ಯೋಜನೆಗೆ ಅನುದಾನ ಶೇ 30 ಮಾತ್ರ. ಸಾಲ ಶೇ 70, ಬಡ್ಡಿ ಶೇ 10. ಪುನತ್ಸಾಂಗ್‌ಚು ಮೊದಲ ಯೋಜನೆ 2008ರಲ್ಲಿ ಶುರುವಾಗಿ, 2013ರಲ್ಲಿ ಅಣೆಕಟ್ಟಿನ ಜಾಗದಲ್ಲೇ ಗುಡ್ಡ ಜಾರಿ, ವರ್ಷಗಟ್ಟಲೆ ಎಳೆಯಿತು. ಖರ್ಚು ಏರುತ್ತಾ ಹೋಯಿತು, ಸಾಲವೂ ಏರಿತು. ಚೀನಾದ ಶೇ 6.3 ಬಡ್ಡಿಯನ್ನು ಬೈಯುವಾಗ ನಮ್ಮ ಶೇ 10 ನನಗೆ ನೆನಪಾಗುತ್ತೆ. ಸಾಲ ರೂಪಾಯಿಯಲ್ಲಿದೆ, ಕರೆಂಟು ಕೊಳ್ಳುವವರು ನಾವೇ, ಹಾಗಾಗಿ ಅಪಾಯ ಕಡಿಮೆ ಅನ್ನುತ್ತಾರೆ. ಅದು ಸರಿ. ಆದರೂ ನೆರೆಮನೆಯ ಪುಟ್ಟ ದೇಶಕ್ಕೆ ಈ ದರ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಇಥಿಯೋಪಿಯಾದ ಸಕ್ಕರೆ ಕಾರ್ಖಾನೆಗಳಿಗೆ ನಾವು ಕೊಟ್ಟ 64 ಕೋಟಿ ಡಾಲರ್ ಸಾಲದಲ್ಲೂ, ಟೆಂಡಾಹೋ ಎಂಬಲ್ಲಿನ ಕಾರ್ಖಾನೆ ಏಳಲು ಹೇಳಿದ್ದಕ್ಕಿಂತ ಎಷ್ಟೋ ವರ್ಷ ಜಾಸ್ತಿ ಹಿಡಿಯಿತು.

ತಪ್ಪಿನಿಂದ ನಾವು ಕಲಿತದ್ದೂ ಇದೆ. ಶ್ರೀಲಂಕಾದ ಯುದ್ಧ ಮುಗಿದ ಮೇಲೆ ಭಾರತ 50,000 ಮನೆ ಕಟ್ಟಿಕೊಡುವ ಮಾತು ಕೊಟ್ಟಿತು. ಮೊದಲ 1,000 ಮನೆ ಗುತ್ತಿಗೆದಾರರ ಮೂಲಕ ಕಟ್ಟಿಸಿತು. ಮುಂದಿನ ಹಂತಕ್ಕೆ, 2012ರ ಗಾಂಧಿ ಜಯಂತಿಯಿಂದ, ಪದ್ಧತಿಯನ್ನೇ ಬದಲಾಯಿಸಿತು. ಮನೆಗೆ 5.5 ಲಕ್ಷ ಶ್ರೀಲಂಕಾ ರೂಪಾಯಿ, ನೇರ ಮನೆಯವರ ಬ್ಯಾಂಕ್ ಖಾತೆಗೆ, ಕಂತಿನ ಮೇಲೆ. ಪಾಯ ಎದ್ದರೆ ಒಂದು ಕಂತು, ಗೋಡೆ ಎದ್ದರೆ ಇನ್ನೊಂದು. ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಎಲ್ಲಿ, ಎಲ್ಲ ಅವರದೇ ಇಷ್ಟ. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸರು ಮೇಸ್ತ್ರಿಯ ಜೊತೆ ತಾವೇ ನಿಂತು ಇಟ್ಟಿಗೆ ಎಣಿಸಿದರು. ನಮ್ಮ ಆಶ್ರಯ ಮನೆಗಳಲ್ಲಿ ಕಂತು ಬಿಡುಗಡೆ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತಲ್ಲ, ಹೆಚ್ಚುಕಡಿಮೆ ಅದೇ ಕ್ರಮ. ನಮ್ಮ ಹಳ್ಳಿಯ ಅನುಭವ ಅಲ್ಲಿ ಕೆಲಸಕ್ಕೆ ಬಂತು.

ಅದೇ ದೇಶದಲ್ಲಿ ಇನ್ನೊಂದು. ನಮ್ಮಲ್ಲಿ 108 ಇದೆಯಲ್ಲ, 2008ರಿಂದ ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ. ಅದೇ ಮಾದರಿಯ ಆಂಬುಲೆನ್ಸ್ ಸೇವೆ ಶ್ರೀಲಂಕಾದಲ್ಲಿ 2016ರಲ್ಲಿ ಭಾರತದ ಅನುದಾನದಿಂದ ಶುರುವಾಯಿತು. ಅಲ್ಲಿಯ ನಂಬರ್ 1990. ಮೊದಲು ಎರಡು ಪ್ರಾಂತ್ಯಕ್ಕೆ 75.6 ಲಕ್ಷ ಡಾಲರ್, ಆಮೇಲೆ ಇಡೀ ದೇಶಕ್ಕೆ. ಈಗ ಅದನ್ನು ಅವರದೇ ಸರ್ಕಾರಿ ಸಂಸ್ಥೆ ನಡೆಸುತ್ತೆ. ಕೊಟ್ಟವರು ಹಿಂದೆ ಸರಿದ ಮೇಲೂ ಗಾಡಿ ಓಡುತ್ತಿದೆಯಾ ಅನ್ನುವುದೇ ನಾನು ನೋಡುವ ಮೊದಲ ಸಂಗತಿ.

ಬ್ರೆಜಿಲ್ ಬಗ್ಗೆ ಚಿಕ್ಕದಾಗಿ. ತನ್ನ ಸೆರಾಡೊ ಎಂಬ ಹುಲ್ಲುಗಾವಲನ್ನು ಸೋಯಾ ಹೊಲ ಮಾಡಿದ ಅನುಭವವನ್ನು ಮೊಜಾಂಬಿಕ್‌ಗೆ ಕೊಡುತ್ತೇನೆಂದು 2009ರಲ್ಲಿ ಜಪಾನ್ ಜೊತೆ ಸೇರಿ ಪ್ರೊಸವಾನಾ ಯೋಜನೆ ಹಾಕಿತು. ಮೊಜಾಂಬಿಕ್‌ನ ರೈತ ಸಂಘದವರು ತಾವೇ ಬ್ರೆಜಿಲ್‌ಗೆ ಹೋಗಿ ನೋಡಿ ಬಂದರು. ಮೈಲಿಗಟ್ಟಲೆ ಒಂದೇ ಬೆಳೆ, ಸಣ್ಣ ರೈತನೇ ಇಲ್ಲ. ನಮಗಿದು ಬೇಡ ಅಂದರು. ಬ್ರೆಜಿಲ್, ಜಪಾನ್‌ಗಳ ಸಂಘಟನೆಗಳೂ ಅವರ ಜೊತೆ ನಿಂತವು. 2020ರಲ್ಲಿ ಯೋಜನೆ ನಿಂತಿತು. ಎರಡೂ ಬಡತನ ಕಂಡ ದೇಶಗಳು ಅಂದ ಮಾತ್ರಕ್ಕೆ ಒಬ್ಬರ ಮದ್ದು ಇನ್ನೊಬ್ಬರಿಗೆ ಆಗಬೇಕೆಂದಿಲ್ಲ.

ಹೊಸ ಬ್ಯಾಂಕುಗಳೂ ಬಂದಿವೆ. ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಕ್ಕೆ ಶೇ 85 ಮತ ಬೇಕು. ಅಮೆರಿಕದ ಪಾಲು ಶೇ 16ಕ್ಕಿಂತ ಜಾಸ್ತಿ, ಅಂದರೆ ಅವರು ಬೇಡ ಅಂದರೆ ಮುಗಿಯಿತು. 2010ರಲ್ಲಿ ಒಪ್ಪಿದ ಸಣ್ಣ ಬದಲಾವಣೆ ಜಾರಿಯಾಗಲು 2016 ಬಂತು. ಕಾದು ಬೇಸತ್ತು ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ 2014ರಲ್ಲಿ ತಮ್ಮದೇ ಬ್ಯಾಂಕ್ ಕಟ್ಟಲು ಸಹಿ ಹಾಕಿದವು. ಐವರಿಗೂ ಸಮಪಾಲು, ಸಮಮತ. ಅದರ ಮೊದಲ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಕೆ.ವಿ. ಕಾಮತ್. ಬೀಜಿಂಗಿನಲ್ಲಿ ಶುರುವಾದ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಇನ್ನೊಂದು. ನಮ್ಮ ಮೆಟ್ರೊದ ಗೊಟ್ಟಿಗೆರೆ-ನಾಗವಾರ ಗುಲಾಬಿ ಮಾರ್ಗಕ್ಕೆ ಅದು 2017ರಲ್ಲಿ 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಗಡಿಯಲ್ಲಿ ಚೀನಾ ಜೊತೆ ಜಗಳ ಇರುವಾಗಲೂ, ಚೀನಾ ಅತಿ ದೊಡ್ಡ ಪಾಲುದಾರನಾಗಿರುವ ಬ್ಯಾಂಕಿನ ದುಡ್ಡು ಬೆಂಗಳೂರಿನ ಸುರಂಗಕ್ಕೆ ಬಂದಿದೆ. ಆ ಬ್ಯಾಂಕಿನಲ್ಲೂ ಮುಖ್ಯ ತೀರ್ಮಾನಕ್ಕೆ ಶೇ 75 ಮತ ಬೇಕು, ಚೀನಾದ ಪಾಲು ಶೇ 26ರ ಮೇಲೆ. ಲೆಕ್ಕ ಹಾಕಿ ನೋಡಿ, ಮೇಷ್ಟ್ರಿಗೆ ನಾನು ಹೇಳಿಕೊಡಬೇಕಿಲ್ಲ.

ಬೆಂಗಳೂರಿನಿಂದ ಹೊರಗೆ ಹೋಗುತ್ತಿರುವ ಇನ್ನೊಂದು ನೆರವು ದುಡ್ಡೂ ಅಲ್ಲ, ಯಂತ್ರವೂ ಅಲ್ಲ. ಎಲೆಕ್ಟ್ರಾನಿಕ್ಸ್ ಸಿಟಿಯ ಐಐಐಟಿಯಲ್ಲಿ 2018ರಲ್ಲಿ ಮೋಸಿಪ್ ಎಂಬ ತಂತ್ರಾಂಶದ ಕೆಲಸ ಶುರುವಾಯಿತು. ಆಧಾರ್ ತರಹದ ಗುರುತಿನ ವ್ಯವಸ್ಥೆಯನ್ನು ಯಾವ ದೇಶ ಬೇಕಾದರೂ ಪುಕ್ಕಟೆ ತಗೊಂಡು ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯಾ ಬಳಸುತ್ತಿವೆ. ನನಗೆ ಇದರಲ್ಲಿ ಖುಷಿಯೂ ಇದೆ, ಭಯವೂ ಇದೆ. ಬೆರಳಚ್ಚು ಹೊಂದದೆ ರೇಷನ್ ಸಿಗದೆ ವಾಪಸ್ ಬಂದವರನ್ನು ನೀವೂ ನೋಡಿದ್ದೀರಿ. ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಮೊಕದ್ದಮೆಯಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. ತಂತ್ರಾಂಶ ಕಳಿಸುವವರು ಈ ತೀರ್ಪಿನ ಕತೆಯನ್ನೂ ಜೊತೆಗೆ ಕಳಿಸಬೇಕು. ನಾವು ಎಡವಿದ ಕಲ್ಲು ಯಾವುದು ಅಂತ ಹೇಳುವುದೂ ನೆರವೇ.

ಅಮೆರಿಕದ ಜಾಗದ ಪ್ರಶ್ನೆ. 2025ರ ಜನವರಿಯಲ್ಲಿ ಅಮೆರಿಕ ಹೊರದೇಶದ ನೆರವು ತಡೆಹಿಡಿಯಿತು, ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಬ್ರಿಟನ್ ಕೂಡ ಕಡಿಮೆ ಮಾಡುತ್ತಿದೆ. ಶ್ರೀಮಂತ ದೇಶಗಳ ಒಟ್ಟು ಅಧಿಕೃತ ನೆರವು 2024ರಲ್ಲೇ ಶೇ 7ರಷ್ಟು ಕುಸಿದು 21,200 ಕೋಟಿ ಡಾಲರಿಗೆ ಇಳಿದಿತ್ತು. ಈ ಗುಂಡಿಯನ್ನು ನಾವು ತುಂಬಲಾರೆವು. ದುಡ್ಡು ಸಾಲದು, ಅಷ್ಟೇ ಅಲ್ಲ. ನಮ್ಮ ನೆರವೂ ಚೀನಾದ ನೆರವೂ ರಸ್ತೆ, ಅಣೆಕಟ್ಟು, ವಿದ್ಯುತ್ತಿನ ಕಡೆ ವಾಲಿದೆ. ಅಮೆರಿಕದ್ದು ಔಷಧಿ, ಲಸಿಕೆ, ಬರಗಾಲದ ಊಟದಲ್ಲಿ ದೊಡ್ಡದಿತ್ತು. ಎಚ್‌ಐವಿ ಮಾತ್ರೆಯ ಕತೆ ನೋಡಿ. ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್ ಮೀರುತ್ತಿದ್ದ ಔಷಧಿಯನ್ನು 2001ರಲ್ಲಿ ಭಾರತದ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡುತ್ತೇನೆ ಅಂದಿತು. ಆಮೇಲೆ ಅಮೆರಿಕದ ಯೋಜನೆ ಇಂಥ ಭಾರತೀಯ ಮಾತ್ರೆಗಳನ್ನೇ ಕೊಂಡು ಆಫ್ರಿಕಾದಲ್ಲಿ ಲಕ್ಷಾಂತರ ಜನರನ್ನು ಉಳಿಸಿತು. ಮಾತ್ರೆ ನಮ್ಮದು, ದುಡ್ಡು ಅವರದು. ಈಗ ದುಡ್ಡಿನ ಕೈ ಹಿಂದಕ್ಕೆ ಹೋಗಿದೆ. ಮಾತ್ರೆ ತಪ್ಪಿಸಿದರೆ ಸಾಯುವ ಜನರ ಮುಂದೆ ಇಬ್ಬರಿಗೂ ಲಾಭ ಅನ್ನುವ ಲೆಕ್ಕ ನಡೆಯಲ್ಲ. ಅಲ್ಲಿ ಕೊಡಬೇಕು, ಸುಮ್ನೆ ಕೊಡಬೇಕು. ಇದನ್ನು ನಮ್ಮ ಸರ್ಕಾರ ಇನ್ನೂ ಕಲಿಯಬೇಕಾಗಿದೆ.

ಮುಯ್ಯಾಳಿನ ಬಾಕಿ ಮಾತು ಈಗ. ಶ್ರೀಮಂತ ದೇಶಗಳು ತಮ್ಮ ನೆರವಿನ ಲೆಕ್ಕವನ್ನು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ಒಂದು ಸಮಿತಿಗೆ ಕೊಡುತ್ತವೆ. ತಪ್ಪು ಮಾಡಿದರೂ ಅದು ಕಾಗದದ ಮೇಲೆ ಸಿಗುತ್ತೆ. ಭಾರತವೂ ಚೀನಾವೂ ಅಲ್ಲಿಗೆ ಲೆಕ್ಕ ಕೊಡಲ್ಲ. ಅದು ದಾನಿಗಳ ಕೂಟ, ನಾವು ದಾನಿಗಳಲ್ಲ ಅನ್ನುವುದು ಕಾರಣ. ಕಾರಣದಲ್ಲಿ ಹುರುಳಿದೆ, ಒಪ್ಪುತ್ತೇನೆ. ಹಾಗಾದರೆ ನಮ್ಮದೇ ನಮೂನೆ ಮಾಡಿಕೊಂಡು ನಮ್ಮ ಜನರ ಮುಂದೆ, ತಗೊಂಡವರ ಜನರ ಮುಂದೆ ಇಡಬೇಕಲ್ಲ? ಚೀನಾದ ಸಾಲದ ಷರತ್ತುಗಳು ಎಷ್ಟೋ ಸಲ ಗುಟ್ಟಾಗಿರುತ್ತವೆ. ನಮ್ಮಲ್ಲಿ ಗುಟ್ಟು ಕಡಿಮೆ, ಆದರೆ ಹುಡುಕಿದರೆ ಮಾತ್ರ ಸಿಗುತ್ತೆ, ಅದೂ ಚೂರುಚೂರಾಗಿ.

ಹಳೆಯ ವಿದ್ಯಾರ್ಥಿಗಳು ಯಾರಾದರೂ ಹತ್ತಿರ ಇದ್ದರೆ, ವಿದೇಶಾಂಗ ಇಲಾಖೆಯ ಬಜೆಟ್ ಪುಸ್ತಕವನ್ನು ಮೊಬೈಲಿನಲ್ಲಿ ತೆಗೆಸಿ ನೋಡಿ. ನೆರವಿನ ಪುಟದಲ್ಲಿ ಭೂತಾನ್, ನೇಪಾಳ, ಮಾರಿಷಸ್, ಮಾಲ್ಡೀವ್ಸ್ ಅಂತ ದೇಶಗಳ ಹೆಸರಿದೆ, ಎದುರಿಗೆ ಕೋಟಿ ಲೆಕ್ಕದಲ್ಲಿ ಮೊತ್ತ ಇದೆ. ಆ ದುಡ್ಡಿನಲ್ಲಿ ಯಾವ ಕೆಲಸ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ಈಗ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಕಾಲಂ ಇಲ್ಲ. ಆ ಕಾಲಂ ಬೇಕು ಅಂತ ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ಶಾಲೆಯ ಚಾವಣಿಯ ವಿಚಾರವನ್ನೂ ಅದೇ ಪತ್ರದಲ್ಲಿ ಸೇರಿಸಿ. ನನ್ನ ಕ್ಷೇತ್ರದವರಿಗೆ ನಾನು ಈ ವಾರವೇ ಬರೆಯುತ್ತೇನೆ.